ಮೊದಲ ಸಂಬಳದ ಉದ್ದನೆಯ ನೆರಳು

2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿಯ ಒಂದು ನೇಮಕಾತಿ ಪ್ರಕಟಣೆ ದೇಶದ ತುಂಬ ಚರ್ಚೆಗೆ ಬಂತು. ಹೊಸಬರಿಗೆ ವರ್ಷಕ್ಕೆ 2.52 ಲಕ್ಷ ರೂಪಾಯಿ ಸಂಬಳ ಎಂದು ಅದರಲ್ಲಿತ್ತು. ತಿಂಗಳಿಗೆ 21 ಸಾವಿರ. ಕೈಗೆ ಬರುವುದು ಇನ್ನೂ ಕಡಿಮೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಊರಿಗೆ ಕಳಿಸಲು ಏನು ಉಳಿಯುತ್ತದೆ ಎಂದು ಜನ ಕೇಳಿದರು. ಕಂಪನಿ ಸ್ಪಷ್ಟನೆ ಕೊಟ್ಟಿತು: ಆ ಸಂಬಳ ಮೂರು ವರ್ಷದ ಪದವಿ ಪಡೆದವರಿಗೆ ಮಾತ್ರ, ಎಂಜಿನಿಯರಿಂಗ್ ಪದವೀಧರರಿಗೆ 4ರಿಂದ 12 ಲಕ್ಷದವರೆಗೆ ಕೊಡುತ್ತೇವೆ ಎಂದು. ಅಲ್ಲಿಗೆ ಗದ್ದಲ ಅಡಗಿತು. ನನಗೆ ಮಾತ್ರ ಗದ್ದಲಕ್ಕಿಂತ ಆ ಸ್ಪಷ್ಟನೆಯೇ ಮುಖ್ಯ ಅನ್ನಿಸಿತು. ಕಂಪನಿ ಒಂದೇ, ವರ್ಷ ಒಂದೇ, ಅನುಭವ ಇಬ್ಬರಿಗೂ ಸೊನ್ನೆ. ಒಬ್ಬರ ಕೈಯಲ್ಲಿ ಬಿಸಿಎ, ಇನ್ನೊಬ್ಬರ ಕೈಯಲ್ಲಿ ಬಿ.ಇ. ಅಷ್ಟಕ್ಕೇ ಕನಿಷ್ಠವೆಂದರೂ ಸುಮಾರು ಒಂದೂವರೆ ಲಕ್ಷದ ಅಂತರ.

ಐಟಿ ಸಂಬಳಕ್ಕೆ ಪದವಿ ಮುಖ್ಯವೋ, ಸರ್ಟಿಫಿಕೇಟೋ, ಅನುಭವವೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಮೂರು ಉತ್ತರಗಳು ಸದಾ ಓಡಾಡುತ್ತಿರುತ್ತವೆ. “ಐಟಿಯಲ್ಲಿ ಡಿಗ್ರಿ ಯಾರು ಕೇಳ್ತಾರೆ, ಸ್ಕಿಲ್ ಇದ್ರೆ ಸಾಕು” ಎನ್ನುವವರು ಒಂದು ಕಡೆ. ಜಮೀನು ಮಾರಿಯಾದರೂ ಸರಿ, ಕಂಪ್ಯೂಟರ್ ಸೈನ್ಸ್ ಸೀಟು ಕೊಡಿಸಬೇಕು ಎನ್ನುವ ತಂದೆತಾಯಂದಿರು ಇನ್ನೊಂದು ಕಡೆ. ಮಾರತ್‌ಹಳ್ಳಿ, ಬಿಟಿಎಂ ಲೇಔಟಿನ ಕಟ್ಟಡಗಳಲ್ಲಿ ಮಹಡಿಯಿಂದ ಮಹಡಿಗೆ ತೂಗುವ ಬೋರ್ಡುಗಳದು ಮೂರನೆಯ ಉತ್ತರ: ಎಡಬ್ಲ್ಯೂಎಸ್, ಅಜೂರ್, ಡೆವ್‌ಆಪ್ಸ್, ಡೇಟಾ ಸೈನ್ಸ್, ಕೆಲವೇ ತಿಂಗಳಲ್ಲಿ ಸರ್ಟಿಫಿಕೇಷನ್. ಈ ಒಂದೊಂದು ಉತ್ತರವನ್ನೂ ನಂಬಿ ಸಾಲ ಮಾಡಿರುವ ಮನೆಗಳಿವೆ. ಹಾಗಾಗಿ ಇದನ್ನು ಕಾಫಿ ಹರಟೆಗೆ ಬಿಟ್ಟು ಸುಮ್ಮನಿರಲಾಗದು.

ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪದವಿ ಮೊದಲ ಸಂಬಳವನ್ನು ಗೊತ್ತು ಮಾಡುತ್ತದೆ. ಅನುಭವ ಅದನ್ನು ಗುಣಿಸುತ್ತಾ ಹೋಗುತ್ತದೆ. ಸರ್ಟಿಫಿಕೇಟು ಬಹುಪಾಲು ಕಂಪನಿಯ ಖಾತೆಗೆ ಜಮೆಯಾಗುತ್ತದೆ. ನಮ್ಮಲ್ಲಿ ಈ ಗುಣಾಕಾರ ನಡೆಯುವುದು ಹಿಂದಿನ ಸಂಬಳದ ಮೇಲೆ ಇಂತಿಷ್ಟು ಶೇಕಡಾ ಎಂಬ ಲೆಕ್ಕದಲ್ಲಿ. ಆದ್ದರಿಂದ ಹತ್ತು ವರ್ಷ ದುಡಿದವರ ಸಂಬಳದೊಳಗೂ ಅವರ ಕಾಲೇಜಿನ ಹೆಸರು ಅಡಗಿ ಕೂತಿರುತ್ತದೆ. ಅನುಭವಕ್ಕೆ ಸಿಕ್ಕ ಬೆಲೆ ಎಂದು ನಾವು ಎಣಿಸುವುದರಲ್ಲಿ ದೊಡ್ಡ ಪಾಲು ಪದವಿಗೆ, ಅದರಲ್ಲೂ ಎಲ್ಲಿ ಓದಿದೆವು ಎಂಬುದಕ್ಕೆ ಸಿಕ್ಕದ್ದು.

ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಐಟಿ ಹುಟ್ಟುವ ಮೊದಲೇ ಕೈಗೆತ್ತಿಕೊಂಡಿದ್ದರು. ಓದು ಮನುಷ್ಯನ ಸಾಮರ್ಥ್ಯವನ್ನು ಹೆಚ್ಚಿಸುವ ಬಂಡವಾಳ ಎಂದು ಗ್ಯಾರಿ ಬೆಕರ್ 1964ರಲ್ಲಿ ವಾದಿಸಿದರು. ಓದಿದ ವರ್ಷ, ದುಡಿದ ವರ್ಷ ಇವೆರಡನ್ನು ಇಟ್ಟುಕೊಂಡು ಗಳಿಕೆಯನ್ನು ಅಳೆಯುವ ಸೂತ್ರವನ್ನು ಜೇಕಬ್ ಮಿನ್ಸರ್ 1974ರಲ್ಲಿ ಬಲಪಡಿಸಿದರು. ಇವತ್ತಿಗೂ ಸಂಬಳದ ಅಧ್ಯಯನಗಳು ಅಲ್ಲಿಂದಲೇ ಶುರುವಾಗುತ್ತವೆ. ನಡುವೆ 1973ರಲ್ಲಿ ಮೈಕೆಲ್ ಸ್ಪೆನ್ಸ್ ಬೇರೆಯದೇ ಮಾತು ಹೇಳಿದರು: ಪದವಿಯಿಂದ ಕೌಶಲ ಬರಲಿ ಬಿಡಲಿ, ಕೆಲಸ ಕೊಡುವವನಿಗೆ ಅದೊಂದು ಸೂಚನೆ, ಈತ ಕಷ್ಟದ್ದೊಂದನ್ನು ಮುಗಿಸಬಲ್ಲ ಎಂಬುದಕ್ಕೆ ಗುರುತು. ಈ ವಿಚಾರಸರಣಿಗೆ 2001ರಲ್ಲಿ ನೊಬೆಲ್ ಪುರಸ್ಕಾರದ ಪಾಲು ಸಿಕ್ಕಿತು. ಅದೇ ವರ್ಷ ಜೋಸೆಫ್ ಆಲ್ಟಂಜಿ ಮತ್ತು ಚಾರ್ಲ್ಸ್ ಪಿಯರೆ ಅಮೆರಿಕದ ಅಂಕಿ ಅಂಶ ಹಿಡಿದು ತೋರಿಸಿದ ಸಂಗತಿ ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಲೀಕ ಪದವಿಯನ್ನು ನೋಡಿ ಅಂದಾಜು ಮಾಡುತ್ತಾನೆ. ವರ್ಷಗಳು ಉರುಳಿದಂತೆ ಆಳಿನ ನಿಜವಾದ ಸಾಮರ್ಥ್ಯ ಕಣ್ಣಿಗೆ ಬಿದ್ದು ಪದವಿಯ ತೂಕ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ಇದು ಅರ್ಧ ಮಾತ್ರ ನಿಜವಾಗುತ್ತದೆ. ಯಾಕೆ ಎಂಬುದನ್ನು ಮುಂದೆ ನೋಡೋಣ.

ಮೊದಲು ಪದವಿ. ದೊಡ್ಡ ಸೇವಾ ಕಂಪನಿಗಳು ವರ್ಷಕ್ಕೆ ಸಾವಿರಗಟ್ಟಲೆ ಹೊಸಬರನ್ನು ತೆಗೆದುಕೊಳ್ಳುತ್ತವೆ. ಅಷ್ಟು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಜರಡಿ ಬೇಕು. ಆ ಜರಡಿಗೆ ಕ್ಯಾಂಪಸ್ ಭಾಷೆಯಲ್ಲಿ “ಸಿಕ್ಸ್ಟಿ ಥ್ರೂಔಟ್” ಎನ್ನುತ್ತಾರೆ: ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ. 60, ಜೊತೆಗೆ ಬ್ಯಾಕ್‌ಲಾಗ್ ಇರಬಾರದು. ಹದಿನಾರನೇ ವಯಸ್ಸಿನಲ್ಲಿ ಮನೆಯ ಕಷ್ಟಕ್ಕೋ ಕಾಯಿಲೆಗೋ ಶೇ. 58 ಪಡೆದ ಹುಡುಗಿ, ಬಿ.ಇ.ಯಲ್ಲಿ ತರಗತಿಗೇ ಮೊದಲಿಗಳಾದರೂ ಆ ಕಂಪ್ಯೂಟರ್ ಫಾರಂ ಅವಳನ್ನು ಒಳಗೆ ಬಿಡುವುದಿಲ್ಲ. ಜರಡಿ ದಾಟಿದವರಿಗೆ ಪರೀಕ್ಷೆ. ಟಿಸಿಎಸ್‌ನ ನ್ಯಾಷನಲ್ ಕ್ವಾಲಿಫೈಯರ್ ಟೆಸ್ಟ್ ಈ ಪೈಕಿ ಹೆಸರಾದದ್ದು. ಅದರಲ್ಲಿ ಸಾಧಾರಣವಾಗಿ ತೇರ್ಗಡೆಯಾದವರಿಗೆ “ನಿಂಜಾ” ಹುದ್ದೆ, 3.36 ಲಕ್ಷ. ಕೋಡಿಂಗ್‌ನಲ್ಲಿ ಮೇಲುಗೈ ತೋರಿದವರಿಗೆ “ಡಿಜಿಟಲ್”, ಸುಮಾರು 7 ಲಕ್ಷ. ಅದಕ್ಕೂ ಮೇಲೆ “ಪ್ರೈಮ್”. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರು ಒಂದು ಬೆಳಗಿನ ಪರೀಕ್ಷೆಯಿಂದ ಇಷ್ಟು ದೂರವಾಗುತ್ತಾರೆ. ಪದವಿ ಇಲ್ಲಿ ಮಾಡುವ ಕೆಲಸ ಪರೀಕ್ಷಾ ಕೊಠಡಿಯ ಬಾಗಿಲು ತೆಗೆಯುವುದಷ್ಟೆ.

ಬಾಗಿಲುಗಳೂ ಒಂದೇ ಥರ ಇಲ್ಲ. ವಿಟಿಯು ವ್ಯಾಪ್ತಿಯಲ್ಲಿ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಎಲ್ಲರ ಪದವಿ ಪತ್ರದ ಮೇಲೂ ಅದೇ ಬೆಳಗಾವಿಯ ವಿಶ್ವವಿದ್ಯಾಲಯದ ಮುದ್ರೆ. ಆದರೆ ಬೆಂಗಳೂರಿನ ಹೆಸರಾಂತ ಕಾಲೇಜಿಗೆ ದೊಡ್ಡ ಉತ್ಪನ್ನ ಕಂಪನಿಗಳು ಮನೆ ಬಾಗಿಲಿಗೆ ಬಂದಂತೆ ಬರುತ್ತವೆ. ಜಿಲ್ಲಾ ಕೇಂದ್ರದ ಆಚೆಗಿರುವ ಕಾಲೇಜಿನ ಹುಡುಗರು “ಪೂಲ್ ಕ್ಯಾಂಪಸ್” ಎಂದು ಇನ್ನೊಂದು ಊರಿಗೆ ರಾತ್ರಿ ಬಸ್ಸು ಹತ್ತಿ ಹೋಗಬೇಕು. ಎಐಸಿಟಿಇ 2024ರಲ್ಲಿ ಉತ್ತಮ ಕಾಲೇಜುಗಳ ಸೀಟಿನ ಗರಿಷ್ಠ ಮಿತಿಯನ್ನು ತೆಗೆದ ಮೇಲೆ ನಗರದ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಉಬ್ಬಿದವು. ಊರ ಹೊರಗಿನ ಕಾಲೇಜುಗಳಿಗೆ ಮಕ್ಕಳೇ ಸಿಗದಂತಾಗುವ ಭಯ ಹುಟ್ಟಿತು. ಪದವಿಯ ಹೆಸರು ಒಂದೇ ಇದ್ದು, ಅದರ ಬೆಲೆ ಪಿನ್‌ಕೋಡಿನ ಮೇಲೆ ಬದಲಾಗುವುದು ನಮ್ಮ ಶಿಕ್ಷಣದ ದೊಡ್ಡ ಅನ್ಯಾಯಗಳಲ್ಲೊಂದು ಎಂದೇ ನನ್ನ ಅಭಿಪ್ರಾಯ.

ಅಂದಹಾಗೆ, ಎಂಜಿನಿಯರಿಂಗ್ ಪದವಿ ಇಲ್ಲದವರನ್ನು, ಪದವಿಯೇ ಇಲ್ಲದವರನ್ನೂ ಒಳಗೆ ಕರೆದುಕೊಂಡ ಪ್ರಯೋಗಗಳಿವೆ. ವಿಪ್ರೊ 1990ರ ದಶಕದಿಂದಲೂ ಬಿಎಸ್ಸಿ, ಬಿಸಿಎ ಮುಗಿಸಿದವರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಕೆಲಸದ ಜೊತೆಗೇ ಸ್ನಾತಕೋತ್ತರ ಪದವಿ ಓದಿಸುವ ಕಾರ್ಯಕ್ರಮ ನಡೆಸುತ್ತಿದೆ. ಎಚ್‌ಸಿಎಲ್‌ನ ಟೆಕ್‌ಬೀ 12ನೇ ತರಗತಿ ಮುಗಿಸಿದ ಮಕ್ಕಳನ್ನೇ ತೆಗೆದುಕೊಳ್ಳುತ್ತದೆ. ತಮಿಳುನಾಡಿನಲ್ಲಿ ಜೋಹೋ 2005ರಿಂದ ತನ್ನದೇ ಶಾಲೆ ಕಟ್ಟಿಕೊಂಡು, ಪಿಯುಸಿ, ಡಿಪ್ಲೊಮಾ ಮಟ್ಟದವರಿಗೆ ಕಲಿಸಿ ಅವರನ್ನೇ ಎಂಜಿನಿಯರುಗಳನ್ನಾಗಿ ಮಾಡಿಕೊಂಡಿದೆ. ಗೌರವಿಸಬೇಕಾದ ಕೆಲಸ. ಆದರೆ ಇವು ಎಷ್ಟು ದೊಡ್ಡವು ಎಂದು ಕೇಳಿದಾಗ ಸಂಖ್ಯೆ ಸಣ್ಣದೇ. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ದೊಡ್ಡ ಕಂಪನಿಗಳು “ಡಿಗ್ರಿ ಬೇಕಿಲ್ಲ” ಎಂದು ಅಬ್ಬರದಿಂದ ಸಾರಿದವು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ ಲೆಕ್ಕ ತೆಗೆದಾಗ, ಆ ಘೋಷಣೆಗಳಿಂದ ನಿಜಕ್ಕೂ ಬದಲಾದದ್ದು 700 ನೇಮಕಗಳಲ್ಲಿ ಒಂದು ಕೂಡ ಇರಲಿಲ್ಲ. ಪ್ರಕಟಣೆಯಿಂದ “ಪದವಿ ಕಡ್ಡಾಯ” ಎಂಬ ಸಾಲು ಅಳಿಸುವುದು ಸುಲಭ. ಆಯ್ಕೆ ಮಾಡುವವರ ಮನಸ್ಸಿನಿಂದ ಅಳಿಸುವುದು ಅಷ್ಟು ಸುಲಭವಲ್ಲ.

ಸರ್ಟಿಫಿಕೇಟಿನ ವಿಷಯಕ್ಕೆ ಬಂದರೆ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದೇ ಮೊದಲ ತಪ್ಪು. ಸಿಸ್ಕೋದ ಸಿಸಿಐಇ 1993ರಿಂದ ನಡೆಯುತ್ತಿರುವ ಪರೀಕ್ಷೆ. ಅದರ ಲ್ಯಾಬ್ ಭಾಗ ಎಂಟು ತಾಸು. ಬೆಂಗಳೂರಿನಲ್ಲೇ ಅದರ ಕೇಂದ್ರ ಇದೆ. ಅಭ್ಯರ್ಥಿಯ ಮುಂದೆ ಒಂದು ನೆಟ್‌ವರ್ಕ್ ಇಡುತ್ತಾರೆ. ಅದನ್ನು ಕಟ್ಟಬೇಕು, ಕೆಟ್ಟಲ್ಲಿ ಸರಿಪಡಿಸಬೇಕು, ಗಡಿಯಾರ ಓಡುತ್ತಿರುತ್ತದೆ. ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಇ ಪರೀಕ್ಷೆಯೂ ಹೀಗೆಯೇ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಟಿಕ್ ಹಾಕುವ ಪ್ರಶ್ನೆ ಅಲ್ಲಿಲ್ಲ. ನಿಜವಾದ ಲಿನಕ್ಸ್ ಯಂತ್ರದ ಮುಂದೆ ಕೂರಿಸುತ್ತಾರೆ, ಮಾಡಿದ ಕೆಲಸ ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೂ ಉಳಿದಿರಬೇಕು, ಇಲ್ಲದಿದ್ದರೆ ಅಂಕ ಇಲ್ಲ. ಇಂಥ ಪರೀಕ್ಷೆ ಗೆದ್ದವರಿಗೆ ಸಂಬಳ ಏರಿದರೆ ಅಚ್ಚರಿಯಿಲ್ಲ. ಅವರು ಕೆಲಸ ಮಾಡಿಯೇ ತೋರಿಸಿದ್ದಾರೆ. ಇನ್ನೊಂದು ತುದಿಯಲ್ಲಿ, ಹಳೆಯ ಪ್ರಶ್ನೆಗಳ “ಡಂಪ್” ಉರು ಹೊಡೆದು ಒಂದು ವಾರದಲ್ಲಿ ಪಾಸಾಗಬಹುದಾದ ಪರೀಕ್ಷೆಗಳಿವೆ. ಇಂಟರ್‌ವ್ಯೂ ಮಾಡುವವರಿಗೂ ಇದು ಗೊತ್ತು. ಮೊದಲ ಐದು ನಿಮಿಷದಲ್ಲೇ ಬಣ್ಣ ಬಯಲಾಗುತ್ತದೆ.

ಹಾಗಿದ್ದರೂ ಕಂಪನಿಗಳು ಉದ್ಯೋಗಿಗಳ ಹಿಂದೆ ಬಿದ್ದು ಸರ್ಟಿಫಿಕೇಷನ್ ಮಾಡಿಸುವುದೇಕೆ, ಪರೀಕ್ಷಾ ಶುಲ್ಕ ಕಟ್ಟುವುದೇಕೆ? ಕ್ಲೌಡ್ ಮತ್ತು ಸಾಫ್ಟ್‌ವೇರ್ ಮಾರುವ ದೊಡ್ಡ ಕಂಪನಿಗಳು ತಮ್ಮ ಪಾಲುದಾರ ಸಂಸ್ಥೆಗಳಿಗೆ ದರ್ಜೆ ಕೊಡುತ್ತವೆ. ಆ ದರ್ಜೆಗೆ ಇಂತಿಷ್ಟು ಮಂದಿ ಸರ್ಟಿಫೈಡ್ ಆಗಿರಬೇಕೆಂಬ ಷರತ್ತು ಇರುತ್ತದೆ. ಸಿಸ್ಕೋದ ಗೋಲ್ಡ್ ಪಾಲುದಾರರಾಗಲು ಬಹುಕಾಲ ನಾಲ್ವರು ಸಿಸಿಐಇಗಳು ಸಂಸ್ಥೆಯಲ್ಲಿ ಇರಲೇಬೇಕಿತ್ತು. ಆ ನಾಲ್ವರಲ್ಲಿ ಒಬ್ಬರು ಬಿಟ್ಟುಹೋದರೆ ದರ್ಜೆಗೇ ಸಂಚಕಾರ. ಹೀಗಾಗಿ ಅವರ ಮಾತು ಸಂಬಳದ ಮೇಜಿನಲ್ಲಿ ನಡೆಯುತ್ತಿತ್ತು. ಸಾವಿರಾರು ಮಂದಿ ಪಡೆದಿರುವ ಆರಂಭಿಕ ಮಟ್ಟದ ಕ್ಲೌಡ್ ಸರ್ಟಿಫಿಕೇಟಿಗೆ ಆ ಶಕ್ತಿ ಇಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಸಿದ್ಧ. ಸರ್ಟಿಫಿಕೇಟಿಗೆ ಹಣ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಇದು: ಈ ಕಾಗದ ನನ್ನ ಬಳಿ ಇರುವುದು ಕಂಪನಿಗೆ ಯಾಕೆ ಬೇಕು, ಮತ್ತು ಇಂಥವರು ಇನ್ನೆಷ್ಟು ಜನರಿದ್ದಾರೆ?

ಆಯುಷ್ಯದ ವಿಷಯವೂ ಇದೆ. 2000ದ ದಶಕದಲ್ಲಿ ಬೆಂಗಳೂರಿನ ರೆಸ್ಯೂಮೆಗಳ ತಲೆಯಲ್ಲಿ ಎಂಸಿಎಸ್‌ಇ ಎಂದು ಬರೆದುಕೊಳ್ಳುವುದು ಹೆಮ್ಮೆಯಾಗಿತ್ತು. ಮೈಕ್ರೋಸಾಫ್ಟ್ 2021ರ ಜನವರಿಯಲ್ಲಿ ಅದನ್ನು ನಿಲ್ಲಿಸಿಯೇಬಿಟ್ಟಿತು. ಎಡಬ್ಲ್ಯೂಎಸ್ ಸರ್ಟಿಫಿಕೇಟಿನ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಪದವಿ ಒಮ್ಮೆ ಪಡೆದರೆ ಸಾಯುವವರೆಗೂ ನಮ್ಮದು. ಇದಕ್ಕಿಂತಲೂ ಸ್ವಾರಸ್ಯದ ಸಂಗತಿ ಎಂದರೆ, ಗಟ್ಟಿ ಸರ್ಟಿಫಿಕೇಟುಗಳೇ ಪದವಿ ಮತ್ತು ಅನುಭವಕ್ಕೆ ಬೆಲೆ ಕಟ್ಟಿವೆ. ಭದ್ರತಾ ಕ್ಷೇತ್ರದ ಸಿಐಎಸ್‌ಎಸ್‌ಪಿಗೆ ಐದು ವರ್ಷದ ಅನುಭವ ಬೇಕು. ನಾಲ್ಕು ವರ್ಷದ ಪದವಿ ಇದ್ದರೆ ಅದರಲ್ಲಿ ಒಂದು ವರ್ಷ ಮಾಫಿ. ಪ್ರಾಜೆಕ್ಟ್ ಮ್ಯಾನೇಜರುಗಳ ಪಿಎಂಪಿ ಪರೀಕ್ಷೆಗೆ ಬಹುಕಾಲದಿಂದ ಇರುವ ನಿಯಮದಲ್ಲಿ ಪದವೀಧರರಿಗೆ 36 ತಿಂಗಳ ಅನುಭವ ಸಾಕು, ಪದವಿ ಇಲ್ಲದವರಿಗೆ 60 ತಿಂಗಳು. ಅಂದರೆ ನಾಲ್ಕು ವರ್ಷದ ಕಾಲೇಜು ಒಂದು ಕಡೆ ಒಂದು ವರ್ಷದ ಕೆಲಸಕ್ಕೆ, ಇನ್ನೊಂದು ಕಡೆ ಎರಡು ವರ್ಷದ ಕೆಲಸಕ್ಕೆ ಸಮ. ಕೆಲಸ ಬಲ್ಲವರು ಪದವಿಗೆ ಕಟ್ಟಿದ ಬೆಲೆ ಅಷ್ಟೇ.

ಹಾಗಾದರೆ ಅನುಭವವೇ ದೊಡ್ಡದೇ? ಸಂಬಳದ ಹಾದಿಯಲ್ಲಿ ಅದೇ ಅತಿ ಹೆಚ್ಚು ಎಳೆಯುವ ಎತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕನ್ಸಲ್ಟೆನ್ಸಿಯಿಂದ ಬರುವ ಫೋನ್ ಕರೆಯನ್ನು ಗಮನಿಸಿ. ಕೇಳುವ ಪ್ರಶ್ನೆಗಳು ಎಲ್ಲ ಕಡೆ ಒಂದೇ, ಕ್ರಮವೂ ಹೆಚ್ಚುಕಡಿಮೆ ಒಂದೇ: ಟೋಟಲ್ ಎಕ್ಸ್‌ಪೀರಿಯನ್ಸ್ ಎಷ್ಟು? ರೆಲೆವೆಂಟ್ ಎಷ್ಟು? ಕರೆಂಟ್ ಸಿಟಿಸಿ? ಎಕ್ಸ್‌ಪೆಕ್ಟೆಡ್? ನೋಟಿಸ್ ಪೀರಿಯಡ್ 90 ದಿನವೇ, ಬೈ-ಔಟ್ ಇದೆಯೇ? ಎರಡು ನಿಮಿಷದಲ್ಲಿ ಎಕ್ಸೆಲ್ ಶೀಟಿನ ಒಂದು ಸಾಲು ತುಂಬುತ್ತದೆ. ಅದರಲ್ಲಿ ಪದವಿಯ ಕಾಲಂ ಇದ್ದರೂ ಕೊನೆಗೆ, ಸರ್ಟಿಫಿಕೇಟಿನ ಕಾಲಂ ಹಲವು ಸಲ ಇರುವುದೇ ಇಲ್ಲ.

ಅನುಭವವನ್ನು ವರ್ಷಗಳಲ್ಲಿ ಎಣಿಸುವುದಕ್ಕೆ ವ್ಯಾಪಾರದ ಕಾರಣವಿದೆ. ಸೇವಾ ಕಂಪನಿ ಮಾರುವುದು ಜನರ ತಾಸುಗಳನ್ನು. ಗ್ರಾಹಕರೊಂದಿಗಿನ ಒಪ್ಪಂದಕ್ಕೆ ಒಂದು ರೇಟ್ ಕಾರ್ಡ್ ಲಗತ್ತಾಗಿರುತ್ತದೆ. ಮೂರು ವರ್ಷದೊಳಗಿನವರಿಗೆ ತಾಸಿಗೆ ಇಷ್ಟು, ಐದರಿಂದ ಎಂಟು ವರ್ಷದವರಿಗೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ನಾಲ್ಕೂಮುಕ್ಕಾಲು ವರ್ಷದ ಚುರುಕಿನ ಹುಡುಗನಿಗಿಂತ ಆರು ವರ್ಷದ ಸಾಧಾರಣ ಹುಡುಗ ಆ ಕಾರ್ಡಿನಲ್ಲಿ ದುಬಾರಿ. ಕೆಳಗೆ ಅಗ್ಗದ ಹೊಸಬರು ಹೆಚ್ಚು, ಮೇಲೆ ದುಬಾರಿ ಅನುಭವಿಗಳು ಕಡಿಮೆ. ಈ ಪಿರಮಿಡ್ ಆಕಾರ ಉಳಿದರೆ ಕಂಪನಿಗೆ ಲಾಭ ಉಳಿಯಿತು. ಹೊಸಬರ ಸಂಬಳ ಸುಮಾರು ಹದಿನೈದು ವರ್ಷಗಳಿಂದ ಮೂರು, ಮೂರೂವರೆ ಲಕ್ಷದ ಸುತ್ತಲೇ ಸುತ್ತುತ್ತಿರುವುದಕ್ಕೆ ಇದೇ ಕಾರಣ. ಇಷ್ಟು ಹೊತ್ತಿಗೆ ಬೆಲೆಗಳು ಹೆಚ್ಚುಕಡಿಮೆ ಇಮ್ಮಡಿಯಾಗಿವೆ. ಇನ್ಫೋಸಿಸ್‌ನಲ್ಲಿ ಹಿಂದೆ ಹಣಕಾಸು ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಕೂಡ ಇದನ್ನು ಮತ್ತೆ ಮತ್ತೆ ಬಹಿರಂಗವಾಗಿ ಪ್ರಶ್ನಿಸಿದ್ದಾರೆ. ಬೆಂಗಳೂರಿನ ಗ್ಲೋಬಲ್ ಕೇಪಬಿಲಿಟಿ ಸೆಂಟರುಗಳಲ್ಲಿ ಲೆಕ್ಕ ಬೇರೆ. ಅವು ತಾಸು ಮಾರುವುದಿಲ್ಲ, ತಮ್ಮದೇ ಮಾತೃಸಂಸ್ಥೆಗೆ ಕೆಲಸ ಮಾಡುತ್ತವೆ. ನಾಸ್ಕಾಂ ಮತ್ತು ಜಿನೋವ್ 2024ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚು, ಸುಮಾರು 19 ಲಕ್ಷ ಉದ್ಯೋಗಿಗಳು. ಸೇವಾ ಕಂಪನಿಯಲ್ಲಿ ನಾಲ್ಕೈದು ವರ್ಷ ಪಳಗಿದವರನ್ನು ಇವು ಹೆಚ್ಚಿನ ಸಂಬಳಕ್ಕೆ ಸೆಳೆಯುತ್ತವೆ. ಪದವಿ ಕೊಡಿಸದಿದ್ದದ್ದನ್ನು ಅನುಭವ ಕೊಡಿಸುವ ಕ್ಷಣ ಅನೇಕರಿಗೆ ಇದೇ.

ಯಾವುದಕ್ಕೆ ಬೆಲೆ ಹೆಚ್ಚು ಎಂದು ತಿಳಿಯಲು ಜನ ಯಾವುದನ್ನು ಖೋಟಾ ಮಾಡುತ್ತಾರೆ ಎಂದು ನೋಡಿದರೂ ಸಾಕು. ಬೆಂಗಳೂರು, ಹೈದರಾಬಾದಿನಲ್ಲಿ ದುಡ್ಡು ಕೊಟ್ಟರೆ ಮೂರು ವರ್ಷದ ಅನುಭವ ಪತ್ರ, ಪೇಸ್ಲಿಪ್, ರಿಲೀವಿಂಗ್ ಲೆಟರ್ ಹೊಂದಿಸಿಕೊಡುವ ದಂಧೆ ಬಹಳ ಕಾಲದಿಂದ ಇದೆ. ಅಕ್ಸೆಂಚರ್ 2022ರ ನವೆಂಬರಿನಲ್ಲಿ, ಇಲ್ಲದ ಕಂಪನಿಗಳ ಹೆಸರಿನಲ್ಲಿ ಅನುಭವ ಪತ್ರ ತಂದವರನ್ನು ಭಾರತದಲ್ಲಿ ಕೆಲಸದಿಂದ ತೆಗೆದಿರುವುದಾಗಿ ಹೇಳಿತು. ನಾಸ್ಕಾಂ 2006ರಲ್ಲೇ ಉದ್ಯೋಗಿಗಳ ವಿವರ ದಾಖಲಿಸುವ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಶುರುಮಾಡಿತು. ಈಗ ಪಿಎಫ್‌ನ ಯುಎಎನ್ ಸಂಖ್ಯೆ ತೆರೆದರೆ ಯಾವ ತಿಂಗಳು ಯಾವ ಕಂಪನಿ ಹಣ ಕಟ್ಟಿತು ಎಂಬುದೆಲ್ಲ ಕಣ್ಣ ಮುಂದೆ. ಇಷ್ಟು ಕಾವಲು ಇರುವುದೇ ಅನುಭವದ ಬೆಲೆಗೆ ಸಾಕ್ಷಿ. ಖೋಟಾ ಮಾಡುವುದು ತಪ್ಪು, ಸಂಶಯವಿಲ್ಲ. ಆದರೆ ಕೆಲಸ ಸಿಗಲು ಅನುಭವ ಬೇಕು, ಅನುಭವಕ್ಕೆ ಕೆಲಸ ಬೇಕು ಎಂಬ ಗೋಡೆಗೆ ತಲೆ ಚಚ್ಚಿಕೊಂಡ ಹುಡುಗರು ಆ ಅಂಗಡಿಗಳ ಗಿರಾಕಿಗಳಾಗುತ್ತಾರೆ ಎಂಬುದನ್ನು ಮರೆಯಬಾರದು.

ಈಗ ಆಲ್ಟಂಜಿ ಮತ್ತು ಪಿಯರೆ ಕಂಡ ನಿಯಮ ಇಲ್ಲಿ ಅರ್ಧಕ್ಕೆ ನಿಲ್ಲುವುದೇಕೆ ಎಂಬ ಮಾತಿಗೆ ಬರುತ್ತೇನೆ. ಕೆಲಸ ಬದಲಿಸುವಾಗ “ಕರೆಂಟ್ ಸಿಟಿಸಿ” ಕೇಳಿ, ಅದಕ್ಕೆ ಪುರಾವೆಯಾಗಿ ಮೂರು ತಿಂಗಳ ಪೇಸ್ಲಿಪ್ ಪಡೆದು, ಅದರ ಮೇಲೆ ಶೇ. 20 ಅಥವಾ 30 ಹೈಕ್ ಕೊಡುವುದು ನಮ್ಮ ರೂಢಿ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬಳು 3.36 ಲಕ್ಷಕ್ಕೆ ಸೇರಿದಳು, ಇನ್ನೊಬ್ಬ 7 ಲಕ್ಷಕ್ಕೆ. ಇಬ್ಬರಿಗೂ ವರ್ಷಕ್ಕೆ ಶೇ. 8 ಏರಿಕೆ, ಐದು ವರ್ಷದ ಬಳಿಕ ಕೆಲಸ ಬದಲಿಸಿದಾಗ ಇಬ್ಬರಿಗೂ ಶೇ. 30 ಹೈಕ್. ಅವಳ ಸಂಬಳ ಸುಮಾರು 6.42 ಲಕ್ಷ ಆಗುತ್ತದೆ, ಅವನದು ಸುಮಾರು 13.37 ಲಕ್ಷ. ಐದು ವರ್ಷ ದುಡಿದು, ಕಂಪನಿ ಬದಲಿಸಿ, ಒಳ್ಳೆಯ ಹೈಕನ್ನೂ ಪಡೆದ ಮೇಲೂ ಅವನು ಮೊದಲ ದಿನ ನಿಂತಿದ್ದ ಜಾಗಕ್ಕೆ ಅವಳಿನ್ನೂ ತಲುಪಿಲ್ಲ. ಅಂತರ 3.64 ಲಕ್ಷದಿಂದ ಸುಮಾರು 7 ಲಕ್ಷಕ್ಕೆ ಬೆಳೆದಿದೆ. ಈ ಐದು ವರ್ಷದಲ್ಲಿ ಅವಳು ಅವನಿಗಿಂತ ಉತ್ತಮ ಎಂಜಿನಿಯರ್ ಆಗಿರಬಹುದು. ಹೊಸ ಕಂಪನಿಯ ಇಂಟರ್‌ವ್ಯೂನಲ್ಲಿ ಅವನಿಗಿಂತ ಚೆನ್ನಾಗಿ ಉತ್ತರಿಸಿರಬಹುದು. “ಅಷ್ಟು ಜಂಪ್ ಕೊಡಲು ಪಾಲಿಸಿ ಇಲ್ಲ” ಎಂಬ ಒಂದು ವಾಕ್ಯ ಅದನ್ನೆಲ್ಲ ಅಳಿಸಿಹಾಕುತ್ತದೆ. ಅವಳ ಅನುಭವದ ಬೆಲೆಯನ್ನು ನಿರ್ಧರಿಸಿದ್ದು ಯಾವ ಕಾಲೇಜಿಗೆ ಯಾವ ಕಂಪನಿ ಬಂತು, ಆ ಒಂದು ಬೆಳಗಿನ ಪರೀಕ್ಷೆ ಹೇಗಾಯಿತು ಎಂಬ ಹಳೆಯ ಸಂಗತಿ.

ಗಡಿ ದಾಟಿದರೆ ಪದವಿಯ ತೂಕ ಮತ್ತೆ ಹೆಚ್ಚುತ್ತದೆ. ಅಮೆರಿಕದ ಎಚ್-1ಬಿ ವೀಸಾಕ್ಕೆ ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಬೇಕು. ಅಲ್ಲಿನ ನಿಯಮದಲ್ಲಿ ಮೂರು ವರ್ಷದ ಕೆಲಸ ಒಂದು ವರ್ಷದ ಕಾಲೇಜಿಗೆ ಸಮ. ಬಿಸಿಎ ಓದಿದವರು ಕೊರತೆಯಾದ ಒಂದು ವರ್ಷ ತುಂಬಲು ಮೂರು ವರ್ಷದ ಅನುಭವ ತೋರಿಸಬೇಕು. ಗ್ರೀನ್ ಕಾರ್ಡಿನ ಇಬಿ-2 ವರ್ಗದಲ್ಲಿ ಸ್ನಾತಕೋತ್ತರ ಪದವಿ ಇಲ್ಲದಿದ್ದರೆ, ನಾಲ್ಕು ವರ್ಷದ ಪದವಿಯ ಮೇಲೆ ಐದು ವರ್ಷದ ಏರುಮುಖದ ಅನುಭವ ಸಾಕು. ಮೂರು ವರ್ಷದ ಪದವಿಗೆ ಕೆಲಸ ಸೇರಿಸಿ ಸರಿದೂಗಿಸುವ ದಾರಿ ಅಲ್ಲಿ ಮುಚ್ಚಿದೆ. ಹದಿನೈದು ವರ್ಷ ಅಮೆರಿಕದಲ್ಲಿ ದುಡಿದವರೂ ಊರಲ್ಲಿ ಓದಿದ ಬಿಎಸ್ಸಿಯಿಂದ ಎಡವುವುದು ಇದೇ ಕಾರಣಕ್ಕೆ. ಯುರೋಪು ಈಚೆಗೆ ಬೇರೆ ದಾರಿ ಹಿಡಿದಿದೆ. ಜರ್ಮನಿ 2023ರ ನವೆಂಬರಿನಿಂದ ಬ್ಲೂ ಕಾರ್ಡ್ ನಿಯಮ ಸಡಿಲಿಸಿ, ಐಟಿಯವರಿಗೆ ಪದವಿ ಇಲ್ಲದಿದ್ದರೂ ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷ ಸಂಬಂಧಪಟ್ಟ ಅನುಭವ ಮತ್ತು ನಿಗದಿತ ಸಂಬಳದ ಕೆಲಸ ಇದ್ದರೆ ಒಪ್ಪುತ್ತದೆ. ಡಿಪ್ಲೊಮಾ ಓದಿ ಕೆಲಸದಲ್ಲೇ ಬೆಳೆದ ನಮ್ಮ ಹುಡುಗರಿಗೆ ಇದು ತಿಳಿದಿರಬೇಕಾದ ಸಂಗತಿ.

ಪದವಿ, ಸರ್ಟಿಫಿಕೇಟು, ಅನುಭವ ಎಂಬ ಈ ಮೂರರ ಪಟ್ಟಿಯಲ್ಲಿ ಇಲ್ಲದೆಯೂ ಸಂಬಳ ನಿರ್ಧರಿಸುವ ನಾಲ್ಕನೆಯದೊಂದಿದೆ, ಇಂಗ್ಲಿಷ್. ಮೆಹ್ತಾಬುಲ್ ಆಜಂ, ಏಮಿ ಚಿನ್ ಮತ್ತು ನಿಶಿತ್ ಪ್ರಕಾಶ್ 2005ರ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ಹಿಡಿದು, 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಗವಾಗಿ ಇಂಗ್ಲಿಷ್ ಮಾತಾಡುವ ಗಂಡಸರ ಗಳಿಕೆ ಇಂಗ್ಲಿಷ್ ಬಾರದವರಿಗಿಂತ ಶೇ. 34 ಹೆಚ್ಚು, ಅಲ್ಪಸ್ವಲ್ಪ ಬಲ್ಲವರದು ಶೇ. 13 ಹೆಚ್ಚು ಎಂದು ತೋರಿಸಿದರು. ಇದು ಎಲ್ಲ ಬಗೆಯ ಕೆಲಸಗಳನ್ನೂ ಸೇರಿಸಿದ ಲೆಕ್ಕ. ವಿದೇಶಿ ಗ್ರಾಹಕರೊಂದಿಗೆ ದಿನಬೆಳಗಾದರೆ ಕಾಲ್‌ನಲ್ಲಿ ಕೂರಬೇಕಾದ ಐಟಿಯಲ್ಲಿ ಅದು ಎಷ್ಟು ಭಾರವಾಗಬಹುದು ಎಂದು ಊಹಿಸಬಹುದು. ಬೆಂಗಳೂರಿನ ನಿಯಾಸ್ ಸಂಸ್ಥೆಯ ಕ್ಯಾರೊಲ್ ಉಪಾಧ್ಯ ಮತ್ತು ಎ.ಆರ್. ವಾಸವಿ 2006ರಲ್ಲಿ ಇದೇ ಊರಿನ ಐಟಿ ಉದ್ಯೋಗಿಗಳನ್ನು ಅಧ್ಯಯನ ಮಾಡಿ, ಅವರಲ್ಲಿ ಹೆಚ್ಚಿನವರು ನಗರದ, ಮಧ್ಯಮ ವರ್ಗದ, ಓದಿದ ಮೇಲುಜಾತಿ ಮನೆಗಳಿಂದ ಬಂದವರೆಂದು ಕಂಡರು. “ಮೆರಿಟ್” ಎಂದು ಕಂಪನಿಗಳು ಹೆಮ್ಮೆಯಿಂದ ಹೇಳುವುದರಲ್ಲಿ ಮನೆಯ ಭಾಷೆ, ನಡೆನುಡಿ, ಅಪ್ಪ ಅಮ್ಮನ ಓದು ಎಷ್ಟು ಬೆರೆತಿವೆ ಎಂದು ಉಪಾಧ್ಯ ಮುಂದಿನ ವರ್ಷವೇ ಬರೆದರು. ಕನ್ನಡ ಮಾಧ್ಯಮದಲ್ಲಿ ಓದಿ, ಡೇಟಾ ಸ್ಟ್ರಕ್ಚರ್ ಚೆನ್ನಾಗಿ ಬಲ್ಲ ಹುಡುಗ ಎಚ್‌ಆರ್ ರೌಂಡಿನಲ್ಲಿ “ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್” ಎಂಬಲ್ಲಿ ಸಿಕ್ಕಿಕೊಳ್ಳುತ್ತಾನೆ. ಅವನಿಗೆ ಬೇಕಿರುವುದು ಇನ್ನೊಂದು ಕ್ಲೌಡ್ ಕೋರ್ಸಲ್ಲ. ದಿನವೂ ಒಂದಷ್ಟು ಹೊತ್ತು, ನಗದೆ ಕೇಳಿಸಿಕೊಳ್ಳುವವರ ಎದುರು ಇಂಗ್ಲಿಷ್ ಮಾತಾಡುವ ಅವಕಾಶ ಬೇಕು. ನಮ್ಮ ಕಾಲೇಜುಗಳು ಇದನ್ನು ಉಚಿತವಾಗಿ ಕೊಡಬಲ್ಲವು. ಎಂಟನೇ ಸೆಮಿಸ್ಟರಿನಲ್ಲಿ ಎರಡು ದಿನದ ತರಬೇತಿ ನಡೆಸಿ ಕೈತೊಳೆದುಕೊಳ್ಳುತ್ತವೆ ಎಂಬುದೇ ನೋವಿನ ಸಂಗತಿ.

ವರ್ಷಗಳ ಎಣಿಕೆಯಲ್ಲಿ ಹೆಚ್ಚು ಸೋಲುವವರು ಹೆಣ್ಣುಮಕ್ಕಳು. ಬಾಣಂತನಕ್ಕೋ ಮನೆಯ ಹಿರಿಯರ ಆರೈಕೆಗೋ ಎರಡು ವರ್ಷ ಬಿಟ್ಟವಳು ಮರಳಿ ಬಂದಾಗ “ಗ್ಯಾಪ್ ಯಾಕೆ” ಎಂಬ ಪ್ರಶ್ನೆ, ಹಳೆಯ ಸಂಬಳಕ್ಕಿಂತ ಕಡಿಮೆಯ ಆಫರ್. ಅವಳ ಎಂಟು ವರ್ಷದ ತಿಳಿವಳಿಕೆ ಆ ಎರಡು ವರ್ಷದಲ್ಲಿ ಆವಿಯಾಗಿ ಹೋಗಿರುತ್ತದೆ ಎಂದು ಯಾರೂ ನಿಜವಾಗಿ ನಂಬುವುದಿಲ್ಲ. ಆದರೂ ಬೆಲೆ ಇಳಿಸುತ್ತಾರೆ.

ಅನುಭವ ಎಂದಿಗೂ ಕೈಬಿಡದು ಎಂಬ ನಂಬಿಕೆಯೂ ಈಚೆಗೆ ಅಲುಗಾಡಿದೆ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ. 28.4ಕ್ಕೆ ಮುಟ್ಟಿತ್ತು, ಜನ ಸಿಗದೆ ಕಂಪನಿಗಳು ಕೇಳಿದಷ್ಟು ಹೈಕ್ ಕೊಟ್ಟವು. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರ ಸಿಬ್ಬಂದಿ ಸಂಖ್ಯೆ ಒಟ್ಟು 60 ಸಾವಿರಕ್ಕೂ ಹೆಚ್ಚು ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಹೇಳಿದಾಗ, ಅದರ ಪೆಟ್ಟು ಬೀಳುವುದು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂದಿತು. ವರ್ಷಗಳು ಕೂಡಿದಂತೆ ಸಂಬಳ ಏರಿತು, ಅದರ ಜೊತೆಗೇ ಕೈಯ ಕೆಲಸ ಬದಲಾಗದೆ ಹೋದವರ ಮೇಲೆ ಮೊದಲ ಕಣ್ಣು ಬಿತ್ತು. ಇನ್ನೊಂದು ತುದಿಯಲ್ಲಿ ಹೊಸಬರಿಗೂ ಸುಖವಿಲ್ಲ. ಸ್ಟ್ಯಾನ್‌ಫರ್ಡಿನ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2025ರ ಆಗಸ್ಟ್‌ನಲ್ಲಿ ಅಮೆರಿಕದ ಸಂಬಳ ದಾಖಲೆಗಳನ್ನು ಪರಿಶೀಲಿಸಿ, ಎಐ ಹೆಚ್ಚು ತಟ್ಟುವ ಉದ್ಯೋಗಗಳಲ್ಲಿ 22ರಿಂದ 25ರ ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ. 13 ಕುಸಿದಿದೆ, ಅನುಭವಿಗಳದು ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದರು. ಪುಸ್ತಕದಲ್ಲಿ ಸಿಗುವ ಜ್ಞಾನವನ್ನು ಯಂತ್ರ ಬೇಗ ಕಲಿಯುತ್ತದೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಯಾವ ತಂತಿ ಎಳೆಯಬೇಕು ಎಂಬ ತಿಳಿವನ್ನು ಅಷ್ಟು ಬೇಗ ಕಲಿಯುವುದಿಲ್ಲ ಎಂಬುದು ಅವರ ಊಹೆಯ ಸಾರ. ನನಗೂ ಅದು ಒಪ್ಪುವಂತೆ ಕಾಣುತ್ತದೆ. ಹಾಗಿದ್ದರೆ ಐದು ವರ್ಷದ ಅನುಭವ ಎಂದು ರೆಸ್ಯೂಮೆಯಲ್ಲಿ ಬರೆಯುವುದಕ್ಕಿಂತ, ಆ ಐದು ವರ್ಷದಲ್ಲಿ ಏನು ಕೆಟ್ಟಿತ್ತು, ಅದನ್ನು ಹೇಗೆ ಸರಿಮಾಡಿದೆ ಎಂದು ಬರೆಯುವುದು ಇನ್ನು ಮುಂದೆ ಹೆಚ್ಚು ಸಂಬಳ ತರಬೇಕು.

ಹಿಂದಿನ ಸಂಬಳದ ನೆರಳಿನಿಂದ ಮುಂದಿನ ಸಂಬಳವನ್ನು ಬಿಡಿಸುವುದು ಕಾನೂನಿನಿಂದ ಸಾಧ್ಯ ಎಂಬುದಕ್ಕೆ ಉದಾಹರಣೆಗಳಿವೆ. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ, ಮ್ಯಾಸಚೂಸೆಟ್ಸ್‌ನಲ್ಲಿ ಅದೇ ವರ್ಷದ ಜುಲೈಯಿಂದ ಕೆಲಸ ಕೊಡುವವರು ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಇಂಥ ಕಾನೂನು ಬಂದ ಕಡೆ ಏನಾಯಿತು ಎಂದು ಜೇಮ್ಸ್ ಬೆಸ್ಸನ್ ಮತ್ತು ಸಂಗಡಿಗರು ನೋಡಿದರು. ಕೆಲಸ ಬದಲಿಸಿದವರ ಸಂಬಳ ಸರಾಸರಿ ಶೇ. 5ರಷ್ಟು ಹೆಚ್ಚಿತ್ತು, ಹೆಂಗಸರದು ಶೇ. 8, ಕಪ್ಪು ಜನರದು ಶೇ. 13. ಕೆಳಗಿನಿಂದ ಶುರುಮಾಡಿದವರಿಗೇ ಹೆಚ್ಚು ಲಾಭ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಸಂಬಳ ಪಾರದರ್ಶಕತೆಯ ನಿರ್ದೇಶನದಲ್ಲೂ ಈ ನಿಷೇಧವಿದೆ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಇಳಿಸಿಕೊಳ್ಳಲು ಕೊಟ್ಟ ಗಡುವು 2026ರ ಜೂನ್.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ಕೆಲಸದ ಷರತ್ತುಗಳನ್ನು ಗೊತ್ತುಮಾಡುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಸರ್ಕಾರ ಹತ್ತು ವರ್ಷಗಳಿಗೂ ಹೆಚ್ಚು ಕಾಲ ವಿನಾಯಿತಿ ಕೊಡುತ್ತ ಬಂದಿತ್ತು, 2024ರಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಿತು. ವಿನಾಯಿತಿ ಪುಕ್ಕಟೆಯಾಗಿರಲಿಲ್ಲ. ಲೈಂಗಿಕ ಕಿರುಕುಳ ತಡೆಯುವ ಸಮಿತಿ, ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳಿದ್ದವು. 2025ರ ನವೆಂಬರಿನಲ್ಲಿ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಏರ್ಪಾಡುಗಳನ್ನೆಲ್ಲ ಮತ್ತೊಮ್ಮೆ ಕೂತು ಬರೆಯಬೇಕಾದ ಕಾಲ ಬಂದಿದೆ. ಅಲ್ಲಿ ಎರಡು ಸಾಲು ಸೇರಿಸಬೇಕೆಂದು ಉದ್ಯೋಗಿ ಸಂಘಗಳು ಈಗಲೇ ಒತ್ತಾಯಿಸಬೇಕು: ನೇಮಕದ ವೇಳೆ ಹಿಂದಿನ ಸಂಬಳವನ್ನಾಗಲಿ ಪೇಸ್ಲಿಪ್ಪನ್ನಾಗಲಿ ಕೇಳಬಾರದು, ಹುದ್ದೆಯ ಸಂಬಳ ಎಷ್ಟರಿಂದ ಎಷ್ಟು ಎಂಬುದನ್ನು ಪ್ರಕಟಣೆಯಲ್ಲೇ ಹಾಕಬೇಕು. ಆಗ 3.36 ಲಕ್ಷಕ್ಕೆ ಸೇರಿದವಳು ಆರನೇ ವರ್ಷ ಇನ್ನೊಂದು ಕಂಪನಿಯ ಎದುರು ಕೂತಾಗ, ಅವಳೂ ಅವನೂ ಒಂದೇ ಹುದ್ದೆಯ ಒಂದೇ ಸಂಬಳದ ಬಗ್ಗೆ ಮಾತಾಡುತ್ತಾರೆ.